ಖಾಲಿ ನೀರಿನ ಅಳತೆ

“ಮೂರನೇದು ಮತ್ತೆ ಹುಚ್ಚು ಹಿಡಿದ ಹಾಗೆ ಕುಣೀತಿದೆ,” ಎಂದು ವಿಂಕಾ ಲ್ಯಾಪ್‌ಟಾಪಿನ ಅಂಚಿಗೆ ಅಂಗೈಯಿಂದ ಬಡಿದಳು. ಪರದೆಯ ಮೇಲೆ ಮೊದಲೆರಡು ಸೆನ್ಸರುಗಳ ಗೆರೆಗಳು ನೂಲು ಹಿಡಿದಂತೆ ನೇರವಾಗಿದ್ದವು. ಮೂರನೆಯದು ಮಾತ್ರ ಗರಗಸದ ಹಲ್ಲು.

ಚುಕ್ಕಾಣಿ ಹಿಡಿದಿದ್ದ ಮುದುಕ ಶಿಮೆ ತಿರುಗಿಯೂ ನೋಡಲಿಲ್ಲ. “ಕುಣೀಲಿ ಬಿಡ್ರೀ ಇಂಜಿನಿಯರಮ್ಮ. ಅಲ್ಲಿರೋದು ಖಾಲಿ ನೀರು. ಯಾರ ಮನೆ ಹಾಳಾಗುತ್ತೆ?”

ಕೊಲ್ಲಿಯ ತಳದಲ್ಲಿ ಎಂಬತ್ತು ವರ್ಷಗಳಿಂದ ಮಲಗಿದ್ದ ಯುದ್ಧಕಾಲದ ಬಾಂಬನ್ನು ನೌಕಾಪಡೆಯವರು ಹನ್ನೊಂದು ಗಂಟೆಗೆ ಸಿಡಿಸಬೇಕಿತ್ತು. ಆ ಹೊಡೆತ ನೀರಿನೊಳಗೆ ಎಲ್ಲೆಲ್ಲಿ ಎಷ್ಟು ಬಲವಾಗಿ ತಾಗುತ್ತದೆಂದು ಅಳೆಯಲು ವಿಂಕಾ ಸ್ಪ್ಲಿಟ್ ನಗರದಿಂದ ಬಂದಿದ್ದಳು. ಅವಳ ಸೆನ್ಸರು ಪೆನ್ಸಿಲಿನಷ್ಟೇ ದಪ್ಪ; ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಹರಳು. ತೇಲುಬುಂಡೆಯಿಂದ ಆಳಕ್ಕೆ ಇಳಿಬಿಟ್ಟರೆ ಕಣ್ಣೆವೆ ಬಡಿಯುವುದರೊಳಗೆ ಸಾವಿರಾರು ಸಲ ಒತ್ತಡ ಗುರುತಿಸುವಂಥದ್ದು; ಆದರೆ ಕೇಬಲ್ಲು ಜೋಡಿಸಿದ ಗಂಟಿನೊಳಗೆ ಒಂದು ಹನಿ ಉಪ್ಪುನೀರು ಹೊಕ್ಕರೆ ಸಾಕು, ಬಾಯಿಗೆ ಬಂದದ್ದು ಒದರುತ್ತದೆ. ಬೆಳಿಗ್ಗೆ ಅವಳ ದೋಣಿಯ ಇಂಜಿನ್ನೇ ಕೈಕೊಟ್ಟಿತ್ತು. ಆದ್ದರಿಂದ ಶಿಮೆಯ ದೋಣಿ, ಅದರ ಜೊತೆಗೆ ಶಿಮೆಯ ನಾಲಿಗೆ.

ಆ ನಾಲಿಗೆಗೆ ಕಾರಣವಿತ್ತು. ಹೋದ ವರ್ಷ ಇದೇ ಜಾಗದಲ್ಲಿ ಇಷ್ಟೇ ತೂಕದ ಬಾಂಬು ಸಿಡಿಸಿದ್ದರು. ಆರುನೂರು ಮೀಟರ್ ದೂರದ ಶಿಮೆಯ ಮೀನುಸಾಕಣೆಯ ಪಂಜರಗಳಲ್ಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಅಂದು ಅಳೆಯಲು ಬಂದವಳೂ ವಿಂಕಾಳೇ. ಅಲೆಗೆ ಕೇಬಲ್ಲು ತೇಲುಬುಂಡೆಗೆ ಬಡಿದು ಯಂತ್ರ ಅದನ್ನೇ ಸ್ಫೋಟವೆಂದುಕೊಂಡು ಮುಂಚೆಯೇ ಎಚ್ಚರಗೊಂಡು, ನಾಲ್ಕು ಕ್ಷಣ ಬರೆದುಕೊಂಡು, ಸ್ಫೋಟದ ಹೊತ್ತಿಗೆ ನಿದ್ದೆಹೋಗಿತ್ತು. ‘ಅಳತೆ ಲಭ್ಯವಿಲ್ಲ’ ಎಂದು ಅವಳು ಸಹಿ ಹಾಕಿದಳು. ಮೀನಿಗೆ ರೋಗ ಬಂದಿರಬೇಕೆಂದು ಅಧಿಕಾರಿಗಳು ಕಡತ ಮುಚ್ಚಿದರು.

“ನಾಲ್ಕು ಸಾವಿರ ಮೀನಿಗೆ ಒಂದೇ ಗಳಿಗೇಲಿ ಜ್ವರ!” ಎಂದು ಶಿಮೆ ಇವತ್ತು ಐದನೆಯ ಸಲ ಹೇಳಿದ. “ಈ ಸಲ ಪರದೆ ಕಟ್ಟಿದ್ದಾರೆ, ಸರಿ. ಅದು ಹೊಡೆತ ತಡೆಯುತ್ತೋ ಇಲ್ವೋ ನೋಡೋದು ಬಿಟ್ಟು ಪಡುವಣದ ಕಡೆ ಖಾಲಿ ನೀರಲ್ಲಿ ಏನು ಹುಡುಕ್ತಾ ಇದ್ದೀರಿ?”

ಬಾಂಬಿಗೂ ಪಂಜರಗಳಿಗೂ ನಡುವೆ, ತಳದ ಕೊಳವೆಯಿಂದ ಗಾಳಿಗುಳ್ಳೆಗಳು ಗೋಡೆಯಂತೆ ಮೇಲೇಳುತ್ತಿದ್ದವು; ಹೊಡೆತವನ್ನು ತಡೆಯಬೇಕಾದ ಪರದೆ ಅದೇ.

ರೇಡಿಯೋ ಕೆರೆಯಿತು. ನೌಕಾಪಡೆಯ ಲೆಫ್ಟಿನೆಂಟ್ ಮಾರಸ್. “ಮೇಡಂ, ಮಧ್ಯಾಹ್ನ ಗಾಳಿ ಏಳುತ್ತೆ. ಎರಡು ಸೆನ್ಸರ್ ಸಾಲದಾ? ಆ ಕಡೆ ಕಡಲಕಾಗೆ ಬಿಟ್ಟರೆ ಯಾರಿದ್ದಾರೆ?”

“ಮೂರೂ ಸರಿಯಾಗೋವರೆಗೆ ನಾನು ‘ಸಿದ್ಧ’ ಅನ್ನೋದಿಲ್ಲ. ಅಷ್ಟು ಅವಸರವಿದ್ದರೆ ನನ್ನ ಸಹಿ ಇಲ್ಲದೆ ಸಿಡಿಸಿಕೊಳ್ಳಿ.”

ರೇಡಿಯೋದಲ್ಲಿ ಯಾರೋ ಗೊಣಗಿದರು. ಶಿಮೆಯೂ ಗೊಣಗುತ್ತ ದೋಣಿಯನ್ನು ಮೂರನೆಯ ಬುಂಡೆಯತ್ತ ತಿರುಗಿಸಿದ.

ವಿಂಕಾ ಕೇಬಲ್ಲು ಎಳೆದು ಗಂಟು ಬಿಚ್ಚಿದಳು. ಒಳಗೆ ತೇವ. ಒರೆಸುವ ಸ್ಪಿರಿಟ್ಟಿನ ಬಾಟಲಿ ಕೆಟ್ಟುನಿಂತ ದೋಣಿಯಲ್ಲೇ ಉಳಿದಿತ್ತು. “ಸ್ಪಿರಿಟ್ಟೂ ಅಲ್ಲೇ!” ಎಂದು ಅವಳು ಅಳುವಷ್ಟು ಸಿಟ್ಟಿನಲ್ಲಿ ಒದರಿದಳು.

“ನನ್ನ ಮೇಲೆ ನಿಮಗೆ ಕೋಪ ಇದೆ ಶಿಮೆ ಬಾರ್ಬಾ, ಇರಲಿ. ಆದರೆ ಒಂದು ಲೆಕ್ಕ ಹಾಕಿ. ಇಲ್ಲಿಂದ ಬಾಂಬಿಗೆ ಎಷ್ಟು ದೂರ?”

“ಆರುನೂರು.”

“ನಿಮ್ಮ ಪಂಜರಕ್ಕೆ?”

“ಅಷ್ಟೇ.”

“ಬಾಂಬೂ ಹೋದ ವರ್ಷದಷ್ಟೇ. ಈ ಕಡೆ ಪರದೆ ಮಾತ್ರ ಇಲ್ಲ. ಹೋದ ವರ್ಷ ನಿಮ್ಮ ಕಡೆಯೂ ಇರಲಿಲ್ಲ.”

ಶಿಮೆ ಇಂಜಿನ್ ಆರಿಸಿದ. “ಅಂದ್ರೆ ನನ್ನ ಮೀನಿಗೆ ಆವತ್ತು ತಾಗಿದ್ದೇ ಇಲ್ಲಿ ತಾಗುತ್ತೆ.”

“ಕಡಿಮೆ ಬಂದರೆ ಕಡಿಮೆ ಅಂತಲೇ ಬರೀತೀನಿ,” ಎಂದಳು ವಿಂಕಾ.

“ಬರೀರಿ. ಜ್ವರಾನೇ ಅಂತ ಆಮೇಲೆ ನಾನೇ ಒಪ್ಕೋತೀನಿ.” ಅವನು ಬಗ್ಗಿ ಹಲಗೆಯಡಿಯಿಂದ ಸೀಸೆಯೊಂದನ್ನು ತೆಗೆದ. “ರಾಕಿಯಾ. ಎರಡು ಸಲ ಬಟ್ಟಿ ಇಳಿಸಿದ ಸಾರಾಯಿ. ನಮ್ಮಣ್ಣನ ತಿಥಿಗೂ ಇದನ್ನ ಬಿಚ್ಚಿರಲಿಲ್ಲ.”

ಅವಳು ಗಂಟನ್ನು ಅದರಲ್ಲಿ ಅದ್ದಿ ತೊಳೆದಳು, ಊದಿದಳು, ಅಂಗಿಯ ಒಳಮಗ್ಗುಲಿನಿಂದ ಒರೆಸಿದಳು. ಗ್ರೀಸ್ ಮೆತ್ತಿ ಬಿಗಿದಳು. ಕೇಬಲ್ಲು ಬುಂಡೆಗೆ ಬಡಿಯದಂತೆ ಶಿಮೆ ತನ್ನ ಹಳೆಯ ಉಣ್ಣೆಯ ಟೋಪಿಯನ್ನು ನಡುವೆ ತುರುಕಿ ಹಗ್ಗ ಸುತ್ತಿದ. ಗರಗಸದ ಹಲ್ಲುಗಳು ಒಂದೊಂದಾಗಿ ಉದುರಿ ಗೆರೆ ನೆಟ್ಟಗಾಯಿತು.

“ಸಿದ್ಧ,” ಎಂದಳು, ದೋಣಿ ದೂರದ ಕಲ್ಲುಕಟ್ಟೆ ಸೇರಿದ ಮೇಲೆ.

ಹನ್ನೊಂದೂ ನಲವತ್ತಕ್ಕೆ ಕೊಲ್ಲಿಯ ನಡುವೆ ನೀರು ಬೆಳ್ಳಗೆ ಉಬ್ಬಿ, ಕಂಬವಾಗಿ ಎದ್ದು, ಕುಸಿಯಿತು. ಕಟ್ಟೆಯ ಕಲ್ಲು ಪಾದದಡಿ ಒಮ್ಮೆ ಒದ್ದಿತು. ಪಂಜರದ ಸೆನ್ಸರು ತೋರಿಸಿದ್ದು ಸೊನ್ನೆ ಬಿಂದು ನಾಲ್ಕು ಬಾರ್ ಒತ್ತಡ. ಖಾಲಿ ನೀರಿನದು ಮೂರು ಬಿಂದು ಒಂದು.

ಶಿಮೆ ಕನ್ನಡಕ ಏರಿಸಿ ಎರಡೂ ಅಂಕಿಗಳನ್ನು ಬೆರಳಿಟ್ಟು ಓದಿದ. “ಮೂರು ಅಂದ್ರೆ ಸಾಯ್ತಾವಾ?”

“ಸಾಯ್ತಾವೆ.”

ರೇಡಿಯೋದಲ್ಲಿ ಮಾರಸ್ ಹರ್ಷದಲ್ಲಿದ್ದ. “ಪರದೆ ಗೆದ್ದಿತು, ಮೇಡಂ! ಮೂರನೇದನ್ನ ಕೊನೆಗೆಲ್ಲಾದರೂ ಸೇರಿಸಿ.”

“ಮೊದಲ ಪುಟದಲ್ಲೇ ಬರುತ್ತೆ. ಹೋದ ವರ್ಷದ ನನ್ನ ತಪ್ಪಿನ ಜೊತೆ,” ಎಂದು ವಿಂಕಾ ರೇಡಿಯೋ ಆರಿಸಿದಳು.

ಬುಂಡೆ ಎತ್ತಲು ಹೋದಾಗ ಅದರ ಸುತ್ತ ಯಾರೂ ಸಾಕದ ಇಪ್ಪತ್ತು ಮೂವತ್ತು ಕಡಲಮೀನುಗಳು ಬಿಳಿ ಹೊಟ್ಟೆ ತೋರಿಸಿ ತೇಲುತ್ತಿದ್ದವು. ಶಿಮೆ ಇಂಜಿನ್ ನಿಲ್ಲಿಸಿದ. ಕೈಬಲೆ ತೆಗೆದುಕೊಳ್ಳದೆ, ತೋಳು ನೀರಿಗಿಳಿಸಿ ಅವುಗಳನ್ನು ಒಂದೊಂದಾಗಿ ಎತ್ತಿ ಹಲಗೆಯ ಮೇಲೆ ಸಾಲಾಗಿ ಮಲಗಿಸತೊಡಗಿದ. ವಿಂಕಾ ಕೇಬಲ್ಲು ಸುತ್ತುವುದನ್ನು ಬಿಟ್ಟು, ಆಚೆ ಬದಿಯಿಂದ ತಾನೂ ಅಂಗಿಯ ತೋಳು ಮಡಚಿ ನೀರಿಗೆ ಬಗ್ಗಿದಳು.