ಪಟಿಕ ತಿರುವದ ಬಾಟಲಿ

ಮೂರು ಗಂಟೆ ಕಳೆದರೂ ಹೊಂಡದಿಂದ ತುಂಬಿ ತಂದ ಬಾಟಲಿಯಲ್ಲಿ ಕೆಂಪು ಮಣ್ಣು ತಳ ಸೇರಿರಲಿಲ್ಲ. ಅನುಪಮಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಲೆಕ್ಕದಂತೆ ಇಪ್ಪತ್ತು ನಿಮಿಷಕ್ಕೇ ಅರ್ಧ ತಿಳಿಯಾಗಬೇಕಿತ್ತು. ಆ ಲೆಕ್ಕ ನಂಬಿಯೇ, ಹಿರೇಗುಂಟನೂರಿನಾಚೆಯ ಗಣಿಯಲ್ಲಿ ಅದಿರು ತೊಳೆದ ರಾಡಿಯನ್ನು ಇನ್ನೂ ಎರಡು ತಿಂಗಳು ಹೊಂಡಕ್ಕೆ ಬಿಡಬಹುದು, ಹೊಂಡದ ಮಣ್ಣಿನ ಏರಿ ತಡೆಯುತ್ತದೆ ಎಂದು ಸಹಿ ಹಾಕಿದ್ದಳು.

ಲ್ಯಾಬು ಗುಡಿಸುತ್ತಿದ್ದ ಮುದ್ದಕ್ಕ ಬಗ್ಗಿ ನೋಡಿದಳು. "ಈ ಸಲ ನೀವೇ ತುಂಬಿದ್ರೇನು? ಅದ್ಕೇ ಹಿಂಗೈತೆ. ಪಟಿಕ ತಿರುವಿಲ್ಲ."

"ಏನು ತಿರುವೋದು?"

ಮುದ್ದಕ್ಕ ಸೆರಗಿನ ಗಂಟು ಬಿಚ್ಚಿ, ಸವೆದು ನುಣುಪಾದ ಬಿಳಿ ಹರಳು ತೋರಿಸಿದಳು. "ಮನ್ಯಾಗೆ ಕೊಡದ ನೀರಿಗೆ ತಿರುವ್ತೀವಲ್ಲ, ಹಂಗೇ. ನಾನು ಬಾಟ್ಲಿ ತುಂಬಿದ್ಮೇಲೆ ಯಾವಾಗ್ಲೂ ಎಲ್ಡು ಸುತ್ತು, ತಿಳಿಯಾಗ್ಲಿ ಅಂತ. ಓದಿದೋರ ಮುಂದೆ ರಾಡಿ ಇಡಾಕಾಗ್ತೈತೇನ್ರಿ?"

ಅನುಪಮಾ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಆರು ತಿಂಗಳ ಬಾಟಲಿಗಳು. ಪಟಿಕದಿಂದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ಸರಸರ ಇಳಿದಿದ್ದವು. ಹೊಂಡಕ್ಕೆ ಯಾರು ಪಟಿಕ ತಿರುವಿದ್ದರು? ಗಟ್ಟಿ ಮಣ್ಣು ಕೂತಿದೆ ಎಂದು ಅವಳು ಬರೆದ ಕಡೆಯೆಲ್ಲ ರಾಡಿಯೇ ನಿಂತಿತ್ತು, ಏರಿಯನ್ನು ನೂಕುತ್ತ.

"ಮುದ್ದಕ್ಕ, ನಿಮ್ಮ ಮನೆ ಏರಿ ಕೆಳಗೇ ಅಲ್ವಾ?"

"ಹೂಂ. ಎಂಟು ದಿನದಿಂದ ಏರಿ ಬುಡದಾಗೆ ತಿಳಿ ನೀರು ಜಿನುಗ್ತೈತೆ. ಬದ್ನೆ ಗಿಡಕ್ಕೆ ನೀರೇ ಹೊರಂಗಿಲ್ಲ, ನನ್ ಪುಣ್ಯ."

ಅನುಪಮಾ ಮ್ಯಾನೇಜರ್ ಚಿತ್ರಲಿಂಗಪ್ಪನವರಿಗೆ ಫೋನು ಮಾಡಿದಳು. "ಸರ್, ಹೊಂಡಕ್ಕೆ ರಾಡಿ ಬಿಡೋ ಪಂಪು ನಿಲ್ಲಿಸ್ಬೇಕು. ನನ್ನ ಲೆಕ್ಕ ತಪ್ಪಾಗಿದೆ."

"ಏನಮ್ಮ, ಸಹಿ ಹಾಕಿ ಕೊಟ್ಟೋಳು ನೀನೇ. ನಾಳೆ ಬರ್ತೀನಿ, ಕುಂತು ಮಾತಾಡಾಣ. ಅಲ್ಲೀತಂಕ ಯಾವುದನ್ನೂ ಮುಟ್ಟಬ್ಯಾಡ."

ಫೋನು ಕಟ್ಟಾಯಿತು. ದೂರದಲ್ಲಿ ಪಂಪು ಗುರುಗುಡುತ್ತಲೇ ಇತ್ತು.

"ಮುದ್ದಕ್ಕ, ಓಡಿ. ನಿಮ್ಮ ಕೇರಿಯೋರನ್ನೆಲ್ಲ ಮೇಲಿನ ಸ್ಕೂಲಿಗೆ ಕರ್ಕೊಂಡು ಬನ್ನಿ."

"ಬಾಟ್ಲಿ ಕೆಂಪಗೈತೆ ಅಂತ ಕೇರಿ ಬಿಡ್ಬೇಕಾ?" ನಗಲು ಹೋದ ಮುದ್ದಕ್ಕ ಅವಳ ಮುಖ ನೋಡಿದಳು. ಪೊರಕೆ ಅಲ್ಲೇ ಬಿತ್ತು.

ಪಂಪ್‌ಹೌಸಿನಲ್ಲಿ ಯಾರೂ ಇರಲಿಲ್ಲ. ಅನುಪಮಾ ಎರಡೂ ಕೈಯಿಂದ ಸ್ವಿಚ್ಚಿನ ಹಿಡಿ ಕೆಳಗೆಳೆದಳು. ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ಕೆಳಗೆಲ್ಲೋ ನೀರು ಹರಿಯುವುದು ಕೇಳಿಸಿತು.

ಅವಳು ಏರಿ ಇಳಿದು ಬುಡಕ್ಕೆ ಬಂದಳು. ಬದನೆ ಗಿಡಗಳ ನಡುವೆ ಬೆರಳು ಗಾತ್ರದ ನೀರು; ಈಗ ತಿಳಿಯಲ್ಲ, ಏರಿಯೊಳಗಿನ ಮಣ್ಣನ್ನೂ ಕೊಚ್ಚಿ ತರುತ್ತಿತ್ತು. ಬಗ್ಗಿ ಬೊಗಸೆಯಲ್ಲಿ ಹಿಡಿದು, ತಿಳಿಯಾದೀತೆಂದು ಕಾದಳು. ಕೇರಿಯ ಕಡೆಯಿಂದ ಮುದ್ದಕ್ಕ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದಳು. ಬೊಗಸೆಯ ನೀರು ಕೆಂಪಗೇ ಇತ್ತು.