ಬಲಗಡೆಯ ತಾಳ

ಸತ್ತಿರುವುದು ಸ್ಪೀಕರಿನ ಟ್ವೀಟರೋ, ಅಥವಾ? ಆ ಅಥವಾದಿಂದ ಮುಂದಕ್ಕೆ ಹೋಗಲು ಹುಲಿಗೇಶನಿಗೆ ಮನಸ್ಸಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೂತ. ಭಜನೆಯ ತಾಳ ಎಡಗಡೆಯಿಂದ ಚುರುಕಾಗಿ ಬರುತ್ತಿತ್ತು. ಬಲಗಡೆ ಹಾಡುವವನ ದನಿ ಇತ್ತು, ತಬಲಾ ಇತ್ತು, ತಾಳ ಮಾತ್ರ ಇರಲಿಲ್ಲ. ಅಂಥ ಕಿರಿದಾದ, ಚೂಪಾದ ಸದ್ದನ್ನು ಹೊರಡಿಸುವುದೇ ಟ್ವೀಟರಿನ ಕೆಲಸ. ಹೋದ ತಿಂಗಳು ತನ್ನ ಸ್ವಂತ ಸ್ಪೀಕರಿನಲ್ಲೂ ಹೀಗೇ ಅನ್ನಿಸಿದಾಗ, ವೈರು ಸಡಿಲವಾಗಿರಬೇಕೆಂದು ಬಿಗಿಮಾಡಿ ಸುಮ್ಮನಾಗಿದ್ದ.

"ಏನಂತೀಯಲೇ? ನಿದ್ದಿ ಹತ್ತಿತೇನು?" ಎಂದ ಮಾಲತೇಶ್.

ಮಾಲತೇಶ್ ಸಂಡೂರಿನವನು, ಅದಿರು ಸಾಗಿಸುವ ಟಿಪ್ಪರುಗಳ ಮಾಲೀಕ. ಈ ಜೋಡಿ ಸ್ಪೀಕರುಗಳನ್ನು ಕೊಳ್ಳಲೆಂದು ಕಂಪ್ಲಿಯ ಹಾಲಸ್ವಾಮಿಯವರ ಮನೆಯಿಂದ ಕೌದಿ ಸುತ್ತಿ ತಂದಿದ್ದ. ಬಾಳೆಲ್ಲ ಅಕ್ಕಿ ಗಿರಣಿ ನಡೆಸಿದ ಹಾಲಸ್ವಾಮಿ ಈಗ ಚಿಕ್ಕ ಮನೆಗೆ ಹೋಗುತ್ತಿದ್ದರು, ಅಲ್ಲಿ ಇವಕ್ಕೆ ಜಾಗವಿರಲಿಲ್ಲ. ಈ ಸೀಮೆಯಲ್ಲಿ ಹಾಡು ಕೇಳುವ ಹುಚ್ಚಿನವರೆಲ್ಲ ಹೀಗೆಯೇ: ಗಣಿ, ಗಿರಣಿ, ಕಾರ್ಖಾನೆ. ವಾರವಿಡೀ ಗದ್ದಲದಲ್ಲಿ ದುಡಿದು, ದುಡಿದದ್ದನ್ನೆಲ್ಲ ಒಂದು ಸದ್ದಿಲ್ಲದ ಕೋಣೆಗೆ ಸುರಿಯುವವರು. ಅವರಲ್ಲಿ ಒಂದು ಕಟ್ಟಳೆ ತಾನಾಗಿ ಬೆಳೆದಿತ್ತು. ಯಾರು ಏನೇ ಕೊಳ್ಳಲಿ, ಮೊದಲು ಅದು ಹೊಸಪೇಟೆಯ ಹುಲಿಗೇಶನ ಕೋಣೆಗೆ ಬರಬೇಕು. ಅವನು ಕುರ್ಚಿಯಲ್ಲಿ ಕೂತು ಕೇಳಿ ಹ್ಞೂಂ ಅನ್ನಬೇಕು.

ಒಳ್ಳೆಯ ಕಿವಿಯವನೆಂಬ ಆ ಹೆಸರು ಅವನಿಗೆ ಬಂದದ್ದು ಕೆಲಸದಿಂದ. ತೋರಣಗಲ್ಲಿನ ಕಡೆಯ ಕಾರ್ಖಾನೆಯೊಂದರ ಕಂಪ್ರೆಸರ್ ವಿಭಾಗದಲ್ಲಿ ಅವನಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೊತ್ತಿ, ಹಿಡಿಕೆಯನ್ನು ಬಲಗಿವಿಗೆ ಆನಿಸಿ, ಇದು ಬಹಳ ದಿನ ಬಾಳದು ಅನ್ನುತ್ತಿದ್ದ, ಮೀಟರು ತೋರಿಸುವ ಮೊದಲೇ. ಹಾಗೆ ಕೇಳಬೇಕಾದರೆ ಗದ್ದಲ ತಡೆಯಲು ಹಾಕಿಕೊಳ್ಳುವ ಕಿವಿಯ ಬಿರಡೆ ತೆಗೆಯಬೇಕು. ವರ್ಷಗಟ್ಟಲೆ ತೆಗೆದಿದ್ದ, ಬಲಗಡೆಯದನ್ನು ಮಾತ್ರ. ಆ ಕಿವಿಯಿಂದ ಬಡ್ತಿ ಬಂತು, ಬಡ್ತಿಯಿಂದ ಆಂಪ್ಲಿಫಯರ್ ಬಂತು.

"ಬಲಗಡೆ ಟ್ವೀಟರ್ ಹೋಗೈತಿ," ಎಂದುಬಿಟ್ಟ.

"ನನಗೂ ಅದ ಅನುಮಾನ ಇತ್ತು ನೋಡು."

"ನಿನಗ ಟಿಪ್ಪರ್ ಹಾರ್ನ್ ಬಿಟ್ರ ಬ್ಯಾರೆ ಏನ್ ಕೇಳ್ತೈತಲೇ?"

"ಆತು ಬಿಡಪಾ, ದೊಡ್ಡ ಮನುಷ್ಯಾ. ಮಿರ್ಚಿ ತರ್ತೀನಿ, ಆಮ್ಯಾಲೆ ಸ್ವಾಮ್ಯಾರಿಗೆ ಫೋನ್ ಹಚ್ಚಾಣ."

ಮಾಲತೇಶ್ ಹೋದ ಮೇಲೆ ಹುಲಿಗೇಶ್ ಕುರ್ಚಿಯನ್ನು ತಿರುಗಿಸಿ ಸ್ಪೀಕರುಗಳಿಗೆ ಬೆನ್ನು ಮಾಡಿ ಕೂತ. ಈಗ ಬಲಗಡೆಯ ಸ್ಪೀಕರು ಅವನ ಎಡಗಿವಿಗೆ ಬಂತು. ಅದರಿಂದ ತಾಳ ಸ್ವಚ್ಛವಾಗಿ ಕೇಳಿಸಿತು. ಆಗ ನುಡಿಯುತ್ತಿದ್ದ ಇನ್ನೊಂದು ಈಗ ಮಂಕಾಗಿತ್ತು. ಮತ್ತೆ ತಿರುಗಿ ಕೂತ. ತಾಳವೂ ಅವನೊಂದಿಗೆ ತಿರುಗಿತು. ಇನ್ನೊಮ್ಮೆ ಗೋಡೆಗೆ ಮುಖ ಮಾಡಿದ.

ಹೆಂಡತಿ ಚಂದ್ರಕಲಾ ಚಹಾ ತಂದಳು. "ಇದೇನ್ರೀ, ಗ್ವಾಡಿ ಕಡೆ ಮುಖ ಮಾಡೀರಿ? ಹಾಡಿನ ಮ್ಯಾಲೆ ಸಿಟ್ಟಾಗೀರೇನು?"

"ಹಿಂದಿಂದ ಹೆಂಗ ಕೇಳ್ತೈತಿ ನೋಡಾಕತ್ತಿದ್ದೆ."

"ನಾ ಹಿಂದಿಂದ ಕರದ್ರ ಮಾತ್ರ ಕೇಳಂಗಿಲ್ಲ," ಎಂದು ಲೋಟ ಇಟ್ಟು ಹೋದಳು.

ನಿಜ ಹೇಳಲು ಇನ್ನೂ ಹೊತ್ತಿತ್ತು. ಹೇಳಿದರೆ ಈ ಕೋಣೆಗೆ ಯಾರೂ ಏನನ್ನೂ ತರುವುದಿಲ್ಲ, ಕಾರ್ಖಾನೆಯಲ್ಲಿ ಸ್ಕ್ರೂಡ್ರೈವರು ಇನ್ನೊಬ್ಬನ ಕೈಗೆ ಹೋಗುತ್ತದೆ. ಅಷ್ಟೇ. ಆ ಅಷ್ಟೇ ಎಷ್ಟು ದೊಡ್ಡದೆಂದು ಅವನು ಅಳೆಯುತ್ತಿರುವಾಗ ಮಾಲತೇಶ್ ಎಣ್ಣೆ ಹತ್ತಿದ ಪೊಟ್ಟಣ ಹಿಡಿದು ಬಂದ. ಬರುತ್ತಲೇ ಫೋನ್ ಹಚ್ಚಿ ಇಬ್ಬರಿಗೂ ಕೇಳಿಸುವಂತೆ ಇಟ್ಟ.

"ಸ್ವಾಮ್ಯಾರ, ಬಲಗಡೆ ಟ್ವೀಟರ್ ಸತ್ತೈತಂತ್ರಿ."

"ಯಾರ್ ಹೇಳಿದ್ರಪ್ಪಾ? ದಿನಾ ಸಂಜಿಗೆ ಹಚ್ತಿದ್ದೆ. ನೀ ಒಯ್ಯೋ ಮುಂದನೂ ಕೇಳೀನಿ," ಎಂದರು ಹಾಲಸ್ವಾಮಿ.

"ಹುಲಿಗೇಶ್ ಹೇಳ್ಯಾನ್ರಿ. ಇಲ್ಲೇ ಅದಾನ."



"ಹುಲಿಗೇಶ್ ಹೇಳಿದ್ರ ಇರಬೇಕು ಬಿಡು. ಗಿರಣ್ಯಾಗ ಕುಂತ ಕಿವಿ, ಗೊತ್ತಾಗಿಲ್ಲೇನೋ. ಕೆಟ್ಟ ಮಾಲು ದಾಟಿಸ್ಯಾನ ಮುದುಕ ಅಂತ ತಿಳ್ಕಬ್ಯಾಡ್ರಪಾ."

ಮಾಲತೇಶ್ ಫೋನನ್ನು ಚಾಚಿದ. "ನೀನ ಒಂದ್ ಮಾತು ಹೇಳು. ಬ್ಯಾಸರ ಮಾಡ್ಕಂಡಾರ."

"ಹಳೇವು ಅಲ್ಲೇನ್ರಿ ಸ್ವಾಮ್ಯಾರ," ಎಂದ ಹುಲಿಗೇಶ್. "ಒಂದಿಲ್ಲೊಂದಿನ ಹೋಗಾವ."

"ಹಂಗಾರ ಇಷ್ಟ್ ದಿನ ನಾ ಅರ್ಧನ ಕೇಳಿದ್ನೇನಪ್ಪಾ?"

ಹುಲಿಗೇಶ್ ಫೋನನ್ನು ಮಾಲತೇಶನಿಗೆ ಹಿಂದಿರುಗಿಸಿದ. ಮಿರ್ಚಿ ತಿಂದರು. ಬಳಿಕ ಇಬ್ಬರೂ ಸ್ಪೀಕರುಗಳಿಗೆ ಕೌದಿ ಸುತ್ತಿ, ಕಂಪ್ಲಿಗೆ ಹಿಂದಿರುಗಿಸಲು ಗಾಡಿಗೆ ಏರಿಸಿದರು.

ಹಾಲಸ್ವಾಮಿ ಅವನ್ನು ಬಿಚ್ಚಿ ನೋಡಲಿಲ್ಲವಂತೆ. ಮನೆ ಖಾಲಿ ಮಾಡುವಾಗ ಗುಜರಿಯವನಿಗೆ ಕೊಟ್ಟರು, ಹಾಡು ಕೇಳುವುದನ್ನೂ ಬಿಟ್ಟರು ಎಂದು ಮಾಲತೇಶ್ ಯಾವುದೋ ಮಾತಿನ ನಡುವೆ ಹೇಳಿದ. ಹುಲಿಗೇಶ್ ಹೌದಾ ಅಂದ.

ಸ್ಪೀಕರು ಸರಿಯಾಗಿತ್ತು, ಕೆಟ್ಟದ್ದು ತನ್ನ ಬಲಗಿವಿ ಎಂದು ಅವನು ಯಾರಿಗೂ ಹೇಳಲಿಲ್ಲ.