ಗೇಟಿನಲ್ಲಿ ಬರೆದ ಜ್ವರ

ಮೈಬಿಸಿ ಮೂವತ್ತೇಳೂವರೆ ಡಿಗ್ರಿ ಸೆಲ್ಸಿಯಸ್ ಮುಟ್ಟಿದವರನ್ನು ಮೈದಾನದೊಳಗೆ ಬಿಡುವಂತಿರಲಿಲ್ಲ. ಆಟಗಾರನಾಗಲಿ, ಕೋಚ್ ಆಗಲಿ, ಕಂಪನಿಯ ದೊಡ್ಡವರಾಗಲಿ, ಗೇಟಿನ ಬಳಿ ನನ್ನ ಮುಂದೆ ಹಣೆ ತಗ್ಗಿಸಿ ನಿಲ್ಲಬೇಕು. ನಾನು ಥರ್ಮಾಮೀಟರ್ ಹಿಡಿದು, ಬಂದ ಅಂಕಿಯನ್ನು ಹಾಳೆಯಲ್ಲಿ ಅವರ ಹೆಸರಿನ ಮುಂದೆ ಬರೆಯಬೇಕು. ಮಾತಾಡುವ ಅಗತ್ಯವೇ ಇರಲಿಲ್ಲ. ಅದಕ್ಕೇ ಆ ಕೆಲಸ ನನಗೆ ಒಗ್ಗಿತ್ತು.

ಮೈಸೂರಿನಿಂದ ಜಪಾನಿನ ಗ್ಯೋಟೋಕುಗೆ ಬಂದಾಗ ನನಗೆ ಹನ್ನೆರಡು ವರ್ಷ. ಇಲ್ಲಿನ ಶಾಲೆಯಲ್ಲಿ ಮೂರು ವರ್ಷ ಕೂತೆ. ಜಪಾನೀ ಭಾಷೆ ಕಿವಿಗೆ ಹತ್ತಿತು, ನಾಲಿಗೆಗೆ ಬರಲಿಲ್ಲ. ಆಮೇಲೆ ಕನ್ನಡವೂ ಮನೆಯ ಹೊರಗೆ ಬರುವುದು ನಿಂತಿತು. ಹದಿನೈದಕ್ಕೆ ಶಾಲೆ ಬಿಟ್ಟೆ. ಅಮ್ಮ ಎರಡು ದಿನ ಅತ್ತಳು. ಅಪ್ಪ ಮಾತ್ರ, "ಸರಿ, ನಾಳೆಯಿಂದ ನನ್ ಜೊತೆ ಗ್ರೌಂಡಿಗೆ ಬಾ. ಅಲ್ಲಿ ಯಾರೂ ನಿಂಗೆ ಪ್ರಶ್ನೆ ಕೇಳಲ್ಲ" ಎಂದರು.

ಅಪ್ಪ ಅಮೆರಿಕನ್ ಫುಟ್‌ಬಾಲ್ ಕೋಚ್. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟ ಅದು. ಅಪ್ಪ ಜಪಾನಿಗೆ ಬಂದದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಉರಯಾಸುವಿನ ಒಂದು ಕಂಪನಿಯ ನೌಕರರ ತಂಡಕ್ಕೆ ಪಂದ್ಯದ ವಿಡಿಯೊಗಳನ್ನು ವಿಂಗಡಿಸುವ ಪ್ರೋಗ್ರಾಂ ಬರೆದುಕೊಡಲು ಹೋದವರು, ಅವನ್ನು ನೋಡುತ್ತಾ ಕೂತುಬಿಟ್ಟರು. ಎದುರಾಳಿ ಮುಂದೆ ಏನು ಮಾಡುತ್ತಾನೆಂದು ಹೇಳತೊಡಗಿದರು. ಹೇಳಿದ್ದೆಲ್ಲ ಹಾಗೇ ಆಗುತ್ತಿತ್ತು. ಮೂರು ವರ್ಷದ ಮೇಲೆ ನೌಕರಿ ಬಿಟ್ಟು, ಸಂಬಳಕ್ಕೆ ಅದೇ ತಂಡದ ರಕ್ಷಣೆಯ, ಅಂದರೆ ಎದುರಾಳಿಯನ್ನು ತಡೆಯುವ ಆಟಗಾರರ, ಕೋಚ್ ಆದರು. ಪ್ರತಿ ಮಾರ್ಚಿಗೆ ಒಂದು ವರ್ಷದ ಕರಾರು. ಒಂಬತ್ತು ಮಾರ್ಚ್ ಕಳೆದಿದ್ದವು.

ಇಲ್ಲಿನ ನಮ್ಮ ಕನ್ನಡದವರಿಗೆ ಇದು ತಮಾಷೆ. ದೀಪಾವಳಿ ಊಟದಲ್ಲಿ ರಮಾಕಾಂತ ಅಂಕಲ್ ಪ್ರತಿ ವರ್ಷ ಕೇಳುತ್ತಿದ್ದರು: "ಏನ್ ಗುರುರಾಜ್, ಇನ್ನೂ ಆ ಗುದ್ದಾಟಾನೇನಾ? ಕೋಡಿಂಗ್‌ಗೆ ವಾಪಸ್ ಬನ್ನಿ ಸಾರ್, ಅಲ್ಲಿ ಹೆಲ್ಮೆಟ್ ಬೇಕಾಗಲ್ಲ." ಅಪ್ಪ ನಗುತ್ತಾ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು.

ಕೊರೋನಾ ಬಂದ ವರ್ಷ ಪ್ರೇಕ್ಷಕರಿಲ್ಲದೆ ಆಟ ನಡೆಯಿತು. ಖಾಲಿ ಮೈದಾನದಲ್ಲಿ ಅಪ್ಪ ಕೂಗಿ ಹೇಳುವುದೆಲ್ಲ ಎದುರಾಳಿಗೂ ಕೇಳಿಸುತ್ತಿತ್ತು. ಮೊದಲ ಪಂದ್ಯ ಹಾಗೇ ಸೋತರು. ಮಾರನೆಯ ದಿನ ಅಪ್ಪ ಬಿಳಿ ಹಲಗೆಯ ಮೇಲೆ ನಾಲ್ಕು ಕನ್ನಡ ಶಬ್ದಗಳನ್ನು ಜಪಾನೀ ಅಕ್ಷರದಲ್ಲಿ ಬರೆದರು. ಎಡ, ಬಲ, ಮುಂದೆ, ಹಿಂದೆ. 'ಮುಂದೆ' ಅಂದರೆ ಎಲ್ಲರೂ ನುಗ್ಗುವುದು, 'ಹಿಂದೆ' ಅಂದರೆ ಎಲ್ಲರೂ ಸರಿದು ಚೆಂಡು ಕೊನೆಯ ಗೆರೆ ದಾಟದಂತೆ ಕಾಯುವುದು. ನಾಯಕ ಕುರೋಸು, ಇಲ್ಲಿನ ಮರ್ಯಾದೆಯಲ್ಲಿ ಕುರೋಸು-ಸಾನ್, ಸ್ನಾನ ಮಾಡುವಾಗಲೂ ಅವನ್ನೇ ಹೇಳಿಕೊಳ್ಳುತ್ತಿದ್ದನಂತೆ. ನೂರು ಕಿಲೋ ತೂಗುವ ಆಳುಗಳು ಅಪ್ಪನ ಬಾಯಿಂದ "ಎಡ" ಬಂದೊಡನೆ ಎಡಕ್ಕೆ ಹಾರುವುದನ್ನು ನೋಡಿದೆ. ಎರಡು ಪಂದ್ಯ ಗೆದ್ದರು. ಅಪ್ಪ ಅಷ್ಟು ಸಂತೋಷದಿಂದ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಡಿಸೆಂಬರಿನ ಕೊನೆಯ ಪಂದ್ಯ ಗೆಲ್ಲಲೇಬೇಕಿತ್ತು. ಸೋತರೆ ಕೆಳಗಿನ ವಿಭಾಗಕ್ಕೆ ಇಳಿಯಬೇಕು, ಇಳಿದರೆ ತಂಡವನ್ನೇ ಮುಚ್ಚುತ್ತೇವೆ ಎಂದು ಕಂಪನಿ ಹೇಳಿಯಾಗಿತ್ತು. ಅಪ್ಪನಿಗೆ ಐವತ್ಮೂರು. ಆಟ ಆಡಿಯೇ ಗೊತ್ತಿಲ್ಲದ ಭಾರತೀಯ ಕೋಚನ್ನು ಬೇರೆ ಯಾವ ತಂಡವೂ ಕರೆಯುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದರ ಹಿಂದಿನ ಹತ್ತು ದಿನದಿಂದ ಅಪ್ಪ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದರು. ಅಮ್ಮ ಕೇಳಿದರೆ ಏನಿಲ್ಲ ಎನ್ನುವರು. ಕೊನೆಗೆ ಅಗಿಯುವುದನ್ನೇ ಬಿಟ್ಟು ಮೊಸರನ್ನ ನುಂಗತೊಡಗಿದರು. ಮಾಸ್ಕಿನ ಒಳಗೆ ಬಲ ದವಡೆ ಊದಿದ್ದು ನನಗೆ ಮಾತ್ರ ಕಂಡಿತ್ತು. ದಂತವೈದ್ಯರ ಹತ್ತಿರ ಪಂದ್ಯ ಮುಗಿದ ಮೇಲೆ ಹೋಗುತ್ತೇನೆ, ಅಮ್ಮನಿಗೆ ಹೇಳಬೇಡ ಎಂದಿದ್ದರು.

ಪಂದ್ಯದ ದಿನ ಕಾರು ನಿಲ್ಲಿಸಿ, ಸಾಮಾನು ಇಳಿಸಿ, ಅಪ್ಪ ಗೇಟಿಗೆ ಕೊನೆಯವರಾಗಿ ಬಂದರು. ಹಣೆಗೆ ಹಿಡಿದೆ. ಮೂವತ್ತೇಳು ಪಾಯಿಂಟ್ ಎಂಟು.

"ಕಾರಲ್ಲಿ ಹೀಟರ್ ಹಾಕಿದ್ದೆ ಕಣೆ. ಇನ್ನೊಂದ್ಸಲ ನೋಡು."

ಐದು ನಿಮಿಷ ಗಾಳಿಗೆ ನಿಂತರು. ಮತ್ತೆ ಹಿಡಿದೆ. ಅದೇ ಅಂಕಿ. ತಂಡದ ಮ್ಯಾನೇಜರ್ ಒನೊದೆರಾ-ಸಾನ್ ಹತ್ತು ಹೆಜ್ಜೆ ದೂರದಲ್ಲಿ ನಮಗೆ ಬೆನ್ನು ಹಾಕಿ ನೀರಿನ ಬಾಟಲಿ ಜೋಡಿಸುತ್ತಿದ್ದಳು.

"ಇದು ಹಲ್ಲಿಂದು ಪುಟ್ಟಿ. ನಿಂಗೊತ್ತಲ್ಲ," ಎಂದರು ಅಪ್ಪ.

ಗೊತ್ತಿತ್ತು. ಅಂದರೆ, ಗೊತ್ತಿದೆ ಎಂದುಕೊಂಡಿದ್ದೆ. ಕುರೋಸು-ಸಾನ್‌ಗೆ ಮೂರು ವಾರದ ಹೆಣ್ಣು ಮಗುವಿತ್ತು. ಅದರ ಫೋಟೊವನ್ನು ಅವನು ಬೆಳಿಗ್ಗೆಯಷ್ಟೇ ನನಗೆ ತೋರಿಸಿದ್ದ. ಪೆನ್ನು ಹಾಳೆಯ ಮೇಲಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು. ನಾನು ಮೂವತ್ತೇಳು ಪಾಯಿಂಟ್ ಎಂಟು ಎಂದೇ ಬರೆದೆ.

ಒನೊದೆರಾ-ಸಾನ್ ಬಂದು ಹಾಳೆ ನೋಡಿದಳು. ಆಮೇಲೆ ಸುಮಿಮಾಸೆನ್, ಕ್ಷಮಿಸಿ, ಎಂದು ಸೊಂಟದವರೆಗೆ ಬಾಗಿದಳು. ಒಂದೇ ಮನೆಯವಳಾದ್ದರಿಂದ ನಾನೂ ಒಳಗಿರುವಂತಿರಲಿಲ್ಲ. ಅಪ್ಪ ತಿರುಗಿ ಬಾಗಿದರು. ಕೈಯಲ್ಲಿದ್ದ ಯೋಜನೆಯ ಹಾಳೆಗಳನ್ನು ನೆಲದ ಮೇಲಿಟ್ಟು, ಇಂದು ಕೂಗುವ ಕೆಲಸ ಕುರೋಸುವೇ ಮಾಡಲಿ ಎಂದು ಹೇಳಿಕಳಿಸಿದರು.

ಮನೆಗೆ ಹೋಗಲು ಅವರಿಂದ ಆಗಲಿಲ್ಲ. ಕಾರನ್ನು ಮೈದಾನದ ಹಿಂಬದಿಯ ಬೇಲಿಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಬೇಲಿಗೆ ಉದ್ದಕ್ಕೂ ಹಸಿರು ಟಾರ್ಪಾಲು ಹೊದಿಸಿದ್ದರಿಂದ ಏನೂ ಕಾಣುತ್ತಿರಲಿಲ್ಲ, ಎಲ್ಲವೂ ಕೇಳುತ್ತಿತ್ತು. ನನ್ನ ಫೋನಿನಲ್ಲಿ ನೇರ ಪ್ರಸಾರ ಹಾಕಿದೆವು. ಆದರೆ ಅದು ಮೂವತ್ತು ಸೆಕೆಂಡು ತಡವಾಗಿ ಬರುತ್ತಿತ್ತು. ಮೊದಲು ಬೇಲಿಯಾಚೆಯಿಂದ, 'ಡ' ಹೊರಳದ ಕುರೋಸುವಿನ "ಎದಾ, ಎದಾ" ಎಂಬ ಕೂಗು, ಹೆಲ್ಮೆಟ್ಟುಗಳ ಡಿಕ್ಕಿ. ಆಮೇಲೆ ಫೋನಿನಲ್ಲಿ ಅದರ ಚಿತ್ರ. ಅಪ್ಪ ಕಣ್ಣು ಮುಚ್ಚಿ ತಮ್ಮಷ್ಟಕ್ಕೆ "ಬಲ" ಎನ್ನುವರು. ಆಚೆಯಿಂದಲೂ ಅದೇ ಬಂದರೆ ತೊಡೆ ತಟ್ಟುವರು. ಹಾಗೇ ಸುಮಾರು ಮೂರು ಗಂಟೆ ಕಳೆಯಿತು. ನಾವು ನಾಲ್ಕು ಅಂಕ ಮೇಲಿದ್ದೆವು.

ಹನ್ನೊಂದು ಸೆಕೆಂಡು ಉಳಿದಿದೆ ಎಂದು ಮೈದಾನದ ಮೈಕು ಹೇಳಿತು. ಚೆಂಡು ಅವರ ಕೈಯಲ್ಲಿ, ಕೊನೆಯ ಗೆರೆ ನಲವತ್ತು ಗಜ ದೂರ. ಚೆಂಡು ಅದನ್ನು ದಾಟಿದರೆ ಅವರಿಗೆ ಆರು ಅಂಕ. ಒಂದು ಸಲ ಕಾದರೆ ಮುಗಿಯಿತು. ಅಪ್ಪ "ಹಿಂದೆ" ಎಂದರು. ಆಚೆಯಿಂದ ಕುರೋಸುವಿನ ದನಿ ಬಂತು: "ಮುಂದೆ!"

ಅಪ್ಪ ಬಾಗಿಲು ತೆರೆದು ಬೇಲಿಗೆ ಓಡಿದರು, ನಾನೂ ಇಳಿದು ಓಡಿದೆ. ಮಾಸ್ಕು ಹಾಕಿಕೊಂಡೇ ಕೂಗಿದರು. ದವಡೆ ತೆರೆಯಲೇ ಇಲ್ಲ. ಗಂಟಲಲ್ಲಿ ಏನೋ ಉರುಳಿದ ಹಾಗೆ ಒಂದು ಸದ್ದು ಬಂತು, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ನನ್ನ ಕಡೆ ತಿರುಗಿದರು.

"ನೀನು ಕೂಗು. ಹಿಂದೆ ಅಂತ. ಒಂದೇ ಮಾತು, ಜಲಜಾ."

ಬಾಯಿ ತೆರೆದೆ. ಟಾರ್ಪಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ನನಗೆ ಜ್ವರವಿರಲಿಲ್ಲ, ದವಡೆ ಊದಿರಲಿಲ್ಲ. ಆ ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಶಾಲೆಯಲ್ಲಿ ಹೆಸರು ಕರೆದಾಗ ಆಗುತ್ತಿದ್ದ ಹಾಗೆಯೇ ಅದು ಅಲ್ಲಿಂದ ಆಚೆ ಬರಲಿಲ್ಲ. ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದರು.

ಹೆಲ್ಮೆಟ್ಟುಗಳು ಡಿಕ್ಕಿ ಹೊಡೆದವು. ಆಮೇಲೆ ಯಾರೋ ಕುಣಿದಾಡುವ ಸದ್ದು. ಅದು ನಮ್ಮವರದ್ದಲ್ಲ. ನಮ್ಮವರ ದನಿ ನನಗೆ ಒಂದೊಂದೂ ಗೊತ್ತು.

ಕಾರಿನ ಸೀಟಿನ ಮೇಲೆ ಫೋನು ಓಡುತ್ತಲೇ ಇತ್ತು. ಅದರಲ್ಲಿ ನಾವಿನ್ನೂ ನಾಲ್ಕು ಅಂಕ ಮೇಲಿದ್ದೆವು. ಅಪ್ಪ ಬಂದು ಕೂತು ಅದನ್ನು ಕೈಗೆತ್ತಿಕೊಂಡರು. ಕುರೋಸು ಕೈ ಎತ್ತಿ ಕೂಗಿದ, ಎಲ್ಲರೂ ನುಗ್ಗಿದರು, ಅವರ ತಲೆಯ ಮೇಲಿಂದ ಚೆಂಡು ಹಾರಿತು. ಹಿಂದೆ ಯಾರೂ ಇರಲಿಲ್ಲ. ಅಪ್ಪ ಕೊನೆಯವರೆಗೂ ನೋಡಿದರು. ಆಮೇಲೆ ಫೋನನ್ನು ಒರೆಸಿ ನನಗೆ ಕೊಟ್ಟರು.

ಎರಡು ದಿನದ ಮೇಲೆ ಪರೀಕ್ಷೆಯ ಫಲಿತಾಂಶ ಬಂತು. ಕೊರೋನಾ ಇರಲಿಲ್ಲ. ಹಲ್ಲು ಕೀಳಿಸಿದ ಮೇಲೆ ಜ್ವರ ಇಳಿಯಿತು. ಮಾರ್ಚಿನಲ್ಲಿ ತಂಡ ಮುಚ್ಚಿತು. ಕುರೋಸು-ಸಾನ್ ನಮ್ಮ ಮನೆ ಬಾಗಿಲಿಗೆ ಬಂದು, ಒಳಗೆ ಬಾ ಎಂದರೂ ಬಾರದೆ, ಮೆಟ್ಟಿಲ ಮೇಲೇ ಬಾಗಿ ನಿಂತು ಅತ್ತ. ಅಪ್ಪ ಅವನ ಭುಜ ಹಿಡಿದು, ಮಗು ಎಷ್ಟು ಉದ್ದ ಆಗಿದೆ ಎಂದು ಕೇಳಿದರು.

ಅಪ್ಪ ಈಗ ಕನಗಾವಾದ ಒಂದು ಕಂಪನಿಗೆ ಮನೆಯಿಂದಲೇ ಕೋಡ್ ಬರೆಯುತ್ತಾರೆ. ಈ ವರ್ಷದ ದೀಪಾವಳಿಗೆ ರಮಾಕಾಂತ ಅಂಕಲ್ ತಮಾಷೆ ಮಾಡಲಿಲ್ಲ. ಬದಲಿಗೆ ಅಪ್ಪನೇ ಆ ದಿನದ ಕಥೆ ಹೇಳಿದರು. ಯಾರು ಬಂದರೂ ಹೇಳುತ್ತಾರೆ. "ಸ್ವಂತ ಅಪ್ಪನ ಜ್ವರಾನೂ ಇದ್ದ ಹಾಗೇ ಬರೆದ್ಬಿಟ್ಲು ಕಣ್ರೀ ನನ್ ಮಗಳು." ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಾರೆ. ಅಪ್ಪನ ಕಥೆ ಗೇಟಿನಲ್ಲೇ ಮುಗಿಯುತ್ತದೆ.

ಬೇಲಿಯ ಹತ್ತಿರ ಏನಾಯಿತೆಂದು ಅವರು ಅಮ್ಮನಿಗೂ ಹೇಳಿಲ್ಲ. ನಾನೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ. ಬರೆಯುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ.